ಒಂದೇ ಸಾಲು, ಎರಡು ನಾಮ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಿದ್ದ ಕಾಲ ಮುಗಿದು, ನೆರಳುಪೇಟೆಯಲ್ಲಿ ಮನೆ ಸರಿಸಿ ನೋಡು ಅನ್ನುವ ಕಾಲ ಬಂದಿತ್ತು.

ರಾಯಚೂರು ಸೀಮೆಗೆ ಮೊದಲಿನಿಂದಲೂ ಎರಡೇ ಕಾಲ. ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ. ಆ ಎರಡನೆಯದು, ಕರೆಯದೆ ಬಂದ ನೆಂಟನ ಹಾಗೆ, ಕಾಲು ಚಾಚಿ ವರ್ಷವಿಡೀ ಕೂತುಬಿಟ್ಟ ಮೇಲೆ ಊರ ಪಡುವಣಕ್ಕೆ ಒಂದು ಭಾರೀ ಗೋಡೆ ಎದ್ದಿತು. ಅದೇ ನೆರಳುಗೋಡೆ. ಅದರ ಬುಡದಿಂದ ಮೂಡಣಕ್ಕೆ ಸಾಲಾಗಿ ಮನೆಗಳು. ಸೂರ್ಯ ವಾಲುತ್ತಿದ್ದಂತೆ ನೆರಳು ಚಾಚುತ್ತ ಹೋಗುತ್ತದೆ. ಬುಡದ ಮನೆಗೆ ಊಟದ ಹೊತ್ತಿಗೇ ತಂಪು. ತುದಿಯ ಮನೆಗೆ ನೆರಳು ಮುಟ್ಟುವಷ್ಟರಲ್ಲಿ ಸೂರ್ಯನೇ ಡ್ಯೂಟಿ ಮುಗಿಸಿ ಹೊರಟಿರುತ್ತಾನೆ. ಬುಡದ್ದನ್ನು ತಲೆಮನೆ ಅಂದರು, ತುದಿಯದ್ದನ್ನು ಬಾಲಮನೆ.

ದಿನಾ ಒಬ್ಬರಿಗೇ ಬಾಲ ಬಂದರೆ ಇನ್ನೊಬ್ಬರ ತಲೆ ಒಡೆಯುತ್ತದೆ ಎಂದು ಮನೆಗಳಿಗೆ ಚಕ್ರ ಜೋಡಿಸಿ ಹಳಿಯ ಮೇಲೆ ಕೂರಿಸಿದ್ದರು. ನಸುಕಿನಲ್ಲಿ, ಹಳಿ ಇನ್ನೂ ತಣ್ಣಗಿರುವಾಗ, ಎಲ್ಲ ಮನೆಗಳೂ ಒಂದೊಂದು ಜಾಗ ಮುಂದಕ್ಕೆ ಸರಿಯುತ್ತವೆ. ತಲೆಮನೆ ಪಕ್ಕದ ಹಳಿ ಹಿಡಿದು ಬಾಲಕ್ಕೆ ಹೋಗುತ್ತದೆ. ಬಾಲದ ಪಾಳಿ ಬಂದವರು ಹಗಲೆಲ್ಲ ತಂಪುಮನೆ ಎಂಬ ದೊಡ್ಡ ಹಾಲಿನಲ್ಲಿ ಊರವರ ಜೊತೆ ಕೂತು ಕಳೆಯಬೇಕು. ಹಸುಗೂಸಿರುವ ಮನೆಗೆ ಮಾತ್ರ ವಿನಾಯಿತಿ, ಬಾಲರಿರುವವರಿಗೆ ಬಾಲವಿಲ್ಲ.

ಇಷ್ಟೆಲ್ಲ ನ್ಯಾಯ ಮಾಡಿಟ್ಟರೂ ಮನೆಗಳು ಸರಿದವೇ ಹೊರತು ಮನಸ್ಸುಗಳು ಸರಿಹೋಗಲಿಲ್ಲ. ಹಳಿ ಇದ್ದಲ್ಲಿ ಹಳಿಯುವವರೂ ಇರುತ್ತಾರೆ. ಮುಂದಿನ ಮನೆಯವರು ಬೇಕಂತಲೇ ಒಗ್ಗರಣೆ ಹಾಕುತ್ತಾರೆ, ಹಿಂದಿನ ಮನೆಯವರ ಕೆಮ್ಮಿನಲ್ಲಿ ನಮ್ಮ ಹೆಸರು ಕೇಳಿಸುತ್ತದೆ, ಹೀಗೆ ದೂರುಗಳು. ಅವೆಲ್ಲ ಬಂದು ಬೀಳುತ್ತಿದ್ದುದು ಗೋಡೆಯೊಳಗಿನ ಕಂಟ್ರೋಲ್ ರೂಮಿಗೆ.

ಕಂಟ್ರೋಲ್ ರೂಮಿನಲ್ಲಿ ಹಾವಿತ್ತು. ಪೈಥಾನ್ ಎಂಬ ಹಳೆಯ ಕಂಪ್ಯೂಟರ್ ಭಾಷೆಗೆ ಯಾರೋ ಕನ್ನಡದ ಬಾಯಿ ಹಚ್ಚಿಕೊಟ್ಟಿದ್ದರು. ಜನ ಅದನ್ನು ಹೆಬ್ಬಾವು ಅನ್ನುತ್ತಿದ್ದರು. ಮೈಕಿನ ಮುಂದೆ ಕನ್ನಡದಲ್ಲಿ ಹೇಳಿದರೆ ಸಾಕು, ಕೃಷಿವಾರ್ತೆ ಓದುವವರ ಗಂಟಲಿನಲ್ಲಿ ‘ಆಯಿತು’ ಅನ್ನುತ್ತಿತ್ತು. ಅದರೊಳಗೆ ಮನೆಗಳ ಒಂದು ಪಟ್ಟಿ. ಆ ಪಟ್ಟಿಯ ಹೆಸರು ‘ಸಾಲು’. ಪಟ್ಟಿಗೂ ಹಳಿಗೂ ತಂತಿಯ ನಂಟು: ಪಟ್ಟಿಯಲ್ಲಿ ಮನೆ ಅದಲುಬದಲಾದರೆ ನೆಲದ ಮೇಲೂ ಅದಲುಬದಲು.

ಅವತ್ತು ಬಿಸಿಲು ನೆತ್ತಿಗೇರುವ ಮುಂಚೆ ಅಧಿಕಾರಿ ಚೆಲುವರಾಜು ಮೈಕಿನ ಮೇಜಿಗೆ ಬಂದರು. ಮಳವಳ್ಳಿ ಕಡೆಯವರು, ಈ ಬಿಸಿಲಿಗೆ ವರ್ಗವಾಗಿ ಬಂದದ್ದಕ್ಕೆ ಇಡೀ ಊರಿನ ಮೇಲೆ ಸಿಟ್ಟು.

“ಅಲ್ಲಾ ಕಣ್ರೀ ದಾಕ್ಷಾಯಣಿ, ಈ ನೀಲಮ್ಮ ಅನ್ನೋರು ಯಾರ್ರೀ? ಕಾಫಿ ಕುಡಿಯೋಕೂ ಬಿಡಕ್ಕಿಲ್ಲ. ಕೂಲರ್ ಸದ್ದು ಅಂತಾರೆ. ಮುಂದಿನ ಮನೇಲಿ ಒರಳು ಕುಟ್ತಾರೆ ಅಂತಾರೆ. ಹಳಿ ಗಡಗಡ ಅಂತದೆ, ಎಣ್ಣೆ ಬಿಡಿ ಅಂತಾರೆ. ಹಳಿಗೆ ಬಿಡ್ಲೋ ಅವರ ತಲೆಗೆ ಬಿಡ್ಲೋ?”

“ನಮ್ಮ ನೆಗೆಣ್ಣಿ ಸರ್,” ಅಂದಳು ಆಪರೇಟರ್ ದಾಕ್ಷಾಯಣಿ. “ನಮ್ಮ ಯಜಮಾನ್ರ ಅಣ್ಣನ ಹೆಂಡ್ತಿ.”

“ಓ, ನಿಮ್ ಸಂಬಂಧಾನಾ.”

“ಸಂಬಂಧ ಅಲ್ರಿ ಸರ್, ನಿರ್ಬಂಧ.”

ಚೆಲುವರಾಜು ನಕ್ಕರು. ಆಮೇಲೆ ಕುರ್ಚಿ ಎಳೆದು ಕೂತು ದನಿ ತಗ್ಗಿಸಿದರು. “ನೋಡಿ, ಸಾಯಂಕಾಲ ಮೀಟಿಂಗ್ ಅದೆ. ಒಂದು ಮಾದರಿ ಸಾಲು ತೋರಿಸ್ಬೇಕು. ಜಾಸ್ತಿ ಕಂಪ್ಲೇಂಟ್ ಕೊಡೋರು ಬಾಲಕ್ಕೆ, ಬಾಯ್ ಮುಚ್ಕಂಡಿರೋರು ತಲೆಗೆ. ಮಾಡಕ್ಕಲ್ಲ, ಹೆದ್ರಿಸಕ್ಕೆ. ಒಂದು ಕಾಪಿ ತಗೊಂಡು ಜೋಡಿಸ್ಬುಡಿ. ಫೋಟೋ ಹೊಡ್ಕೊಂಡು ತೋರಿಸ್ತೀನಿ.”

ದಾಕ್ಷಾಯಣಿಗೆ ಹಬ್ಬ. ಆ ಮಾದರಿಯಲ್ಲಿ ಬಾಲಮನೆ ಯಾರದ್ದೆಂದು ಹಾವನ್ನೇನೂ ಕೇಳಬೇಕಾಗಿರಲಿಲ್ಲ.

ನೀಲಮ್ಮನ ಮೇಲಿನ ಅವಳ ಸಿಟ್ಟು ಮದುವೆಯಷ್ಟೇ ಹಳೆಯದು. ಆ ಮನೆತನದಲ್ಲಿ ಹೊಸ ಸೊಸೆಗೆ ಹೊಸ ಹೆಸರು. ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಬರೆಯುತ್ತಾರೆ. ತವರಿನ ದಾಕ್ಷಾಯಣಿ ಹೊಸ್ತಿಲು ದಾಟಿದ ಕೂಡಲೇ ಏನಾಗಬೇಕೆಂದು ಹಿರಿಯರು ಯೋಚಿಸುತ್ತಿದ್ದಾಗ ಹಿರಿ ಸೊಸೆ ನೀಲಮ್ಮ, “ಶಾಂತಾ ಅಂತ ಇಡ್ರಿ. ಹೆಸರು ಕರದಾಗೊಮ್ಮೆರ ಬಾಯಿ ಮುಚ್ಚಲಿ,” ಅಂದಿದ್ದಳು. ಬಂದ ಬೀಗರೆಲ್ಲ ನಕ್ಕಿದ್ದರು. ಅಂದಿನಿಂದ ಇಬ್ಬರೂ ಒಬ್ಬರಿಗೊಬ್ಬರು ಉಪ್ಪು ಅನ್ನುವುದಕ್ಕೂ ಕಾರ ಬೆರೆಸಿಯೇ ಮಾತಾಡಿದ್ದು. ಕೂಡಿದ್ದ ಮನೆ ಎರಡಾದ ದಿನ ನೀಲಮ್ಮ ಬೀದಿಯಲ್ಲೇ ನಿಂತು, ಶಾಂತಾನ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದು ಆಣೆ ಮಾಡಿದ್ದಳು. ಮರುವರ್ಷ ನೆರಳುಪೇಟೆಯ ಲಾಟರಿಯಲ್ಲಿ ಇಬ್ಬರಿಗೂ ಒಂದೇ ಸಾಲಿನಲ್ಲಿ ಮನೆ ಬಿತ್ತು. ದೇವರಿಗೂ ಇಂಥ ತಮಾಷೆ ಬೇಕಾಗುತ್ತದೆ.

ದಾಕ್ಷಾಯಣಿ ಮೈಕು ಹತ್ತಿರಕ್ಕೆ ಎಳೆದುಕೊಂಡಳು.

“ಸಾಲಿಗೆ ‘ಮಾದರಿ’ ಅಂತ ಹೆಸರಿಡು.”

“ಆಯಿತು,” ಅಂತು ಹಾವು.

“ಮಾದರಿಯನ್ನು ದೂರಿನ ಲೆಕ್ಕದ ಮೇಲೆ ವಿಂಗಡಿಸು. ಕಡಿಮೆ ಇದ್ದವರು ಮುಂದೆ. ವಿಂಗಡಿಸಿ ಕೊಟ್ಟದ್ದನ್ನು ಪರದೆಗೆ ಹಾಕು.”

ಪರದೆಯ ಮೇಲೆ ಎರಡೇ ಪದ ಮೂಡಿತು: ಏನೂ ಇಲ್ಲ.

“ಏನೂ ಇಲ್ವಂತೆ,” ಚೆಲುವರಾಜು ಹಲ್ಲು ಕಿರಿದರು. “ಏನ್ರೀ, ನಿಮ್ ಹೆಬ್ಬಾವು ಏಕಾದಶಿ ಮಾಡ್ತಾ ಅದಾ?”

“ಸೊಕ್ಕು ಸರ್ ಇದಕ್ಕ. ಇನ್ನೊಮ್ಮೆ ಹೇಳ್ತೀನಿ.” ಹೇಳಿದಳು. ಮತ್ತೆ ಅದೇ: ಏನೂ ಇಲ್ಲ.

“ಬುಡಿ ಅತ್ಲಾಗೆ. ಪೇಪರ್ ಮೇಲೆ ಬರೆದು ಕೊಡಿ, ಅದನ್ನೇ ತೋರಿಸ್ತೀನಿ.”

ಅವಳು ಪೆನ್ನು ಹುಡುಕುತ್ತಿದ್ದಾಗ ಮೇಜಿನ ಮೇಲಿನ ಚಹಾದ ಲೋಟ ತಾನೇ ತಾನಾಗಿ ಅಂಚಿನ ಕಡೆ ನಡೆಯತೊಡಗಿತು.

*

ಅದೇ ಹೊತ್ತಿಗೆ ಸಾಲಿನ ನಡುವಿನ ಒಂದು ಮನೆಯಲ್ಲಿ ನೀಲಮ್ಮ ಮೊಮ್ಮಗಳಿಗೆ ಎಣ್ಣೆ ತಿಕ್ಕುತ್ತಿದ್ದಳು. ಇನ್ನೂ ತಿಂಗಳು ತುಂಬದ ಕೂಸು. ಮಗಳು ತ್ರಿವೇಣಿ ಹೊರಸಿನ ಮೇಲೆ ಮಲಗಿದ್ದಳು. ಮೊದಲಾದರೆ ಬಾಣಂತಿಯ ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಗೆ ಇಡುತ್ತಿದ್ದರು. ಈಗ ಆ ಕೆಲಸವನ್ನು ಊರೇ ವಹಿಸಿಕೊಂಡಿತ್ತು.

ಮನೆ ಒಮ್ಮೆ ಜಗ್ಗಿತು. ಎಣ್ಣೆಯ ಬಟ್ಟಲು ಜಾರಿತು.

“ಯವ್ವಾ, ಮನಿ ಹೊಂಟದ,” ಅಂದಳು ತ್ರಿವೇಣಿ ಎದ್ದು ಕೂತು.

“ಈ ಹೊತ್ತಿನಾಗ ಎಲ್ಲಿಗಿ ಹೋಗ್ತದ. ಸುಮ್ನ ಮಲಕೊ.”

ಕಿಟಕಿಯಲ್ಲಿ ಎದುರು ಬರಬಾರದ ಮನೆಗಳು ಬಂದವು. ಕಟ್ಟಡಕ್ಕಿಂತ ದೊಡ್ಡ ದನಿಯ ಮೌಲಾಬಿಯ ಮನೆ ಅವರನ್ನು ದಾಟಿ ಮುಂದಕ್ಕೆ ಹೋಯಿತು, ಮೌಲಾಬಿ ಕಿಟಕಿಯಿಂದ, “ನಮ್ಮನ್ನ ಎಲ್ಲಿಗೆ ಒಯ್ಲಕತ್ತಾರ್ರೀ?” ಎಂದು ಕೇಳಿದಳು. ನೀಲಮ್ಮ ಅಭ್ಯಾಸಬಲದಿಂದ, “ನಿನ್ನ ತವರಿಗಿ,” ಅಂದು ಕಿಟಕಿ ಹಾಕಿಕೊಂಡಳು. ಮನೆ ಪಕ್ಕದ ಹಳಿಗೆ ಇಳಿದು ಹಿಂದಕ್ಕೆ, ಇನ್ನೂ ಹಿಂದಕ್ಕೆ ಹೋಯಿತು. ಸರಿಯುವಾಗ ಕರೆಂಟು ನಿಲ್ಲುತ್ತದೆ. ಕೂಲರ್ ಮುಗ್ಗರಿಸಿ ಸುಮ್ಮನಾಯಿತು. ಕೊನೆಗೆ ಮನೆ ನಿಂತಾಗ ಹಿಂದುಗಡೆ ಕಿಟಕಿಯಲ್ಲಿ ಬರಿ ಬಯಲು ಕಂಡಿತು, ಬಯಲಿನ ಮೇಲೆ ಕುಣಿಯುವ ಬಿಸಿಲು.

“ಬಾಲಮನಿ,” ಅಂದಳು ತ್ರಿವೇಣಿ. ಅವಳ ತುಟಿ ಆಗಲೇ ಒಣಗಿತ್ತು. “ಕೂಸಿದ್ದವರಿಗಿ ಬಾಲ ಇಲ್ಲ ಅಂದಿದ್ರಲ್ಲ ಯವ್ವಾ.”

ಕೂಲರ್ ಮತ್ತೆ ಶುರುವಾಯಿತು. ಹಗಲು ಬಾಲಮನೆಯಲ್ಲಿ ಯಾರೂ ಇರುವುದಿಲ್ಲವೆಂದು ಹಾವು ಅಲ್ಲಿ ನಲ್ಲಿ ನೀರು ನಿಲ್ಲಿಸುತ್ತದೆ, ಕೂಲರಿಗೆ ಕೊಡುವ ಕರೆಂಟೂ ಹೆಸರಿಗಷ್ಟೆ. ಬಿಸಿಗಾಳಿಯನ್ನು ಅದು ಕೋಣೆಯೊಳಗೆ ಮರ್ಯಾದೆಯಿಂದ ತಿರುಗಿಸಿತು. ಕೂಸು ಅಳಲಿಕ್ಕೆ ಬಾಯಿ ತೆರೆಯಿತು. ದನಿ ಬರಲಿಲ್ಲ, ಬರೀ ಬಾಯಿ.

ನೀಲಮ್ಮ ಫೋನು ಎತ್ತಿದಳು.

*

“ಎಂಥ ಮಾರಾಯ್ರೆ ಇದು, ಹಗಲು ಹೊತ್ತಿಗೆ ಮನೆಗಳು ವಾಕಿಂಗ್ ಹೊರಟದ್ದು?” ಎಂದು ಕೇಳುತ್ತ ಒಳಗೆ ಬಂದವನು ಕೋಟ್ಯಾನ್. ಉಳ್ಳಾಲದ ಕಡೆಯವನು, ಹಾವಿನ ರಿಪೇರಿಗೆಂದೇ ಇದ್ದವನು. ಇಲ್ಲಿ ಸಮುದ್ರವಿಲ್ಲವೆಂಬ ಕಾರಣಕ್ಕೆ ಎಲ್ಲರ ಮೇಲೂ ಮುನಿಸು.

ದಾಕ್ಷಾಯಣಿ ಹಾವಿಗೆ ಹೇಳಿದ್ದೆಲ್ಲ ಪರದೆಯಲ್ಲಿ ಸಾಲುಸಾಲಾಗಿ ನಿಂತಿತ್ತು. ಓದಿದ. ಮೂಗಿನಿಂದ ನಕ್ಕ.

“ನೀವು ‘ಪ್ರತಿ ತೆಗಿ’ ಅಂತ ಹೇಳಿದ್ದಾ, ‘ಹೆಸರಿಡು’ ಅಂತ ಹೇಳಿದ್ದಾ?”

“ಎರಡೂ ಒಂದಽ ಅಲ್ಲೇನ್ರಿ?”

“ಒಂದೇ ಆದ್ರೆ ನಾನು ಎಂಥದಕ್ಕೆ ಕೇಳುದು? ಪ್ರತಿ ತೆಗೆದ್ರೆ ಇನ್ನೊಂದು ಸಾಲು ಆಗ್ತದೆ. ಅದನ್ನು ನೀವು ಮೇಲೆಕೆಳಗೆ ಮಾಡಿ, ಹರಿದು ಬಿಸಾಡಿ, ಮನೆಗಳಿಗೆ ಎಂಥದೂ ಆಗುದಿಲ್ಲ. ಹೆಸರಿಟ್ರೆ ಸಾಲು ಒಂದೇ, ಹೆಸರು ಎರಡು. ನೀವು ಪ್ರತಿ ತೆಗೆದದ್ದಲ್ಲ, ನಾಮ ಹಾಕಿದ್ದು. ಇಡೀ ಊರಿಗೆ ಒಟ್ಟಿಗೇ.”

“ಆದ್ರ ಅದು ಏನೂ ಇಲ್ಲ ಅಂತಲ್ರಿ?”

“ವಿಂಗಡಿಸಿದ ಹೊಸ ಸಾಲು ಕೊಡು ಅಂತ ಕೇಳಿದ್ರೆ ಹೊಸತು ಮಾಡಿ ಕೈಗೆ ಕೊಡ್ತದೆ, ಹಳೆಯದ್ದು ಹಾಗೇ ಉಂಟು. ಬರೀ ‘ವಿಂಗಡಿಸು’ ಅಂದ್ರೆ ಇದ್ದದ್ದನ್ನು ಇದ್ದಲ್ಲೇ ಜೋಡಿಸ್ತದೆ, ಕೈಗೆ ಎಂಥದೂ ಕೊಡುದಿಲ್ಲ. ಮನೆಯೆಲ್ಲ ಗುಡಿಸಿ ಬಾಯಿ ಬಿಡದೆ ನಿಲ್ಲುವ ಸೊಸೆಯ ಹಾಗೆ. ನೀವು ಕಸವೇ ಗುಡಿಸ್ಲಿಲ್ಲ ಅಂತ ಎರಡು ಸಲ ಬೈದಿದ್ದೀರಿ.”

ಇದು ಎಲ್ಲರಿಗಿಂತ ಮೊದಲು ಅರ್ಥವಾಗಬೇಕಿದ್ದದ್ದು ದಾಕ್ಷಾಯಣಿಗೇ. ದಾಕ್ಷಾಯಣಿ ಒಂದು, ಶಾಂತಾ ಒಂದು. ಅತ್ತೆಯ ಮನೆಯಲ್ಲಿ ಶಾಂತಾಳನ್ನು ಕುಟುಕಿದಾಗಲೆಲ್ಲ ನಿದ್ದೆ ಕೆಟ್ಟದ್ದು ತವರಿನ ದಾಕ್ಷಾಯಣಿಗೆ. ಎರಡು ಹೆಸರಿಗೂ ಸೇರಿ ಒಂದೇ ಮೈ ಎಂದು ಗೊತ್ತಿದ್ದವಳು, ಮಾದರಿಗೆ ಚುಚ್ಚಿದರೆ ಸಾಲಿಗೆ ನೋಯುವುದಿಲ್ಲ ಅಂದುಕೊಂಡಿದ್ದಳು.

“ಅಳಿಸ್ರೀ ಆ ಮಾದರೀನ,” ಚೆಲುವರಾಜು ಗದರಿಸಿದರು. “ಮೊದ್ಲು ಅಳಿಸಿ.”

ಅವಳು ಅಳಿಸಿದಳು. ಹಾವು “ಆಯಿತು” ಅಂದಿತು. ಮನೆಗಳು ಇದ್ದಲ್ಲಿಂದ ಒಂದಿಂಚೂ ಕದಲಲಿಲ್ಲ.

“ನಾಮ ಒರೆಸಿದ್ರೆ ಹಣೆ ಹೋಗ್ತದಾ?” ಅಂದ ಕೋಟ್ಯಾನ್.

“ಹಂಗಾರೆ ಹಳೇ ಸಾಲಿಗೆ ವಾಪಸ್ ತಂದ್ಬುಡಿ.”

“ಹಳೇ ಸಾಲು ಅಂತ ಎಂಥದು ಉಂಟು? ಇದ್ದದ್ದೇ ಒಂದು, ಅದೇ ಹೀಗೆ ಆದದ್ದು. ಬಾಯಲ್ಲಿ ಹೇಳಿ ಒಂದೊಂದೇ ಮನೆ ಜೋಡಿಸ್ಬಹುದು. ಆದ್ರೆ ಹಳಿ ಕೇಳ್ಬೇಕಲ್ಲ? ಆಗ ಹೇಗೋ ಸರಿದದ್ದು, ಈಗ ಈ ಬಿಸಿಲಿಗೆ ಉಬ್ಬಿ ಚಕ್ರ ಕಚ್ಚಿ ಹಿಡಿದಿದೆ. ಸೂರ್ಯ ಇಳಿಯುವವರೆಗೆ ನಿಮ್ಮಪ್ಪ ಬಂದ್ರೂ ಅದು ಸರಿಯುದಿಲ್ಲ.”

ಫೋನು ಆಗಿನಿಂದ ಬಡಿದುಕೊಳ್ಳುತ್ತಿತ್ತು. ದಾಕ್ಷಾಯಣಿ ಎತ್ತಿದಳು.

“ಯಾರದು, ಶಾಂತಾನಾ?” ನೀಲಮ್ಮನ ದನಿ. “ಹೊಟ್ಟಿ ತಣ್ಣಗ ಆಯ್ತೇನು?”

“ಅಕ್ಕಾ, ಕೂಸು ಹ್ಯಾಂಗದ?”

“ಕೂಸು ಬ್ಯಾಯ್ಲಕತ್ತದ. ಮೈ ಕೆಂಡ ಆಗ್ಯದ. ಕಣ್ಣ ಬಿಡವಲ್ದು. ನಿನಗ ನನ್ನ ಮ್ಯಾಲ ಸಿಟ್ಟಿದ್ರ ನನ್ನ ಹಳಿ ಮ್ಯಾಲ ಮಲಗಸು, ಹಸಗೂಸಿನ ಮ್ಯಾಲ ಯಾಕ ತೋರಸ್ತಿ?”

“ಬೇಕಂತ ಮಾಡಿಲ್ಲಕ್ಕಾ.”

“ಬೇಕಂತ ಮಾಡಾಕ ನಿನಗ ಅಷ್ಟು ಬುದ್ಧಿ ಎಲ್ಲದ. ಕೂಲರ್ ಸದ್ದಿಗಿ ಕೂಸು ಬೆಚ್ಚತದ ಅಂತ ಹೇಳಿದೆ, ಹಳಿಗೆ ಎಣ್ಣಿ ಬಿಡ್ರಿ ಅಂತ ಹೇಳಿದೆ. ಅದಕ್ಕ ಇದು ಬಹುಮಾನ.”

ಬೆಳಗಿನ ದೂರುಗಳನ್ನೆಲ್ಲ ದಾಕ್ಷಾಯಣಿಯೇ ಬರೆದುಕೊಂಡಿದ್ದಳು. ಕೂಲರ್, ಒರಳು, ಹಳಿ. ಎಲ್ಲವೂ ಒಂದು ಕೂಸಿನ ನಿದ್ದೆಗೆ ಸಂಬಂಧಪಟ್ಟವು ಎಂದು ಹೊಳೆಯಲಿಲ್ಲವೋ, ಹೊಳೆಯುವುದು ಅವಳಿಗೆ ಬೇಕಿರಲಿಲ್ಲವೋ.

“ತಂಪುಮನಿಗಿ ಹೋಗ್ರಿ ಅಕ್ಕಾ. ಗಾಡಿ ಕಳಸ್ತೀನಿ.”

“ಅಲ್ಲಿ ಊರ ಕೆಮ್ಮೆಲ್ಲ ಕೂತದ. ಅರ್ಧ ಸಾಲಿಗಿ ಗಂಟಲ ಬ್ಯಾನಿ. ತಿಂಗಳ ತುಂಬದ ಕೂಸಿನ ಅಲ್ಲಿ ಒಯ್ದು ಇಡ್ಲೇನು? ನಿಮ್ಮ ಭಾವ ಬೆಳಗ್ಗಿಂದ ಅಲ್ಲೇ ಇಸ್ಪೀಟ ಆಡ್ಲಕತ್ತಾರ, ಅವರ್ನ ಸುದ್ದಾ ಸ್ನಾನ ಮಾಡಸದ ಒಳಗ ಬಿಡಂಗಿಲ್ಲ ನಾನು.” ಫೋನು ಇಟ್ಟಳು.

ಬೇರೆ ಯಾರ ಮನೆಗಾದರೂ ಹೋಗಬಹುದಿತ್ತು. ಆದರೆ ನೀಲಮ್ಮ ದೂರು ಕೊಡದ ಮನೆ ಸಾಲಿನಲ್ಲಿ ಉಳಿದಿರಲಿಲ್ಲ, ಅವಳಿಗೆ ಬಾಗಿಲು ತೆರೆಯುವ ಮನೆಯೂ ಉಳಿದಿರಲಿಲ್ಲ. ಪರದೆಯ ಮೇಲೆ ಹೊಸ ಸಾಲು ಹೊಳೆಯುತ್ತಿತ್ತು. ಬಾಲದಲ್ಲಿ ನೀಲಮ್ಮ. ತಲೆಯಲ್ಲಿ, ಒಂದೂ ದೂರು ಕೊಡದ ದಾಕ್ಷಾಯಣಿ. ದೂರು ಬರೆದುಕೊಳ್ಳುವವಳು ದೂರು ಕೊಟ್ಟರೆ ಯಾರಿಗೆ ಕೊಡಬೇಕು? ಅವಳ ಗಂಡ ಇನ್ನೊಂದು ನೆರಳುಗೋಡೆ ಕಟ್ಟುವ ಕೆಲಸಕ್ಕೆ ಪರವೂರಿಗೆ ಹೋಗಿದ್ದ. ತಲೆಮನೆ ಖಾಲಿ ಬಿದ್ದಿತ್ತು, ನೆರಳಿಗೆ ಎಲ್ಲರಿಗಿಂತ ಮುಂದೆ.

ಅವಳು ಪರದೆ ನೋಡುತ್ತ ನಿಧಾನವಾಗಿ ಅಂದಳು, “ಕೋಟ್ಯಾನ್ ಅವ್ರ, ಮನಿ ಸರಿಸೂದು ಬ್ಯಾಡ. ಮನಿಗಳು ಇದ್ದಲ್ಲೇ ಇರ್ಲಿ. ಹೆಸರು ಅಷ್ಟೇ ಅದಲುಬದಲು ಮಾಡಿದ್ರ?”

ಕೋಟ್ಯಾನ್ ಮೊದಲ ಸಲ ಮೂಗಿನಿಂದ ನಗಲಿಲ್ಲ. “ಮಾಡ್ಬಹುದು. ತಲೆಮನೆ ನೀಲಮ್ಮ ಅಂತ, ಬಾಲಮನೆ ದಾಕ್ಷಾಯಣಿ ಅಂತ. ಹೆಸರಿಗೆ ಚಕ್ರ ಇಲ್ಲ, ಹಳಿ ಬೇಡ, ಕ್ಷಣದ ಕೆಲಸ. ಮನುಷ್ಯರು ಮಾತ್ರ ನಡೆದು ಹೋಗ್ಬೇಕು. ಮತ್ತೆ ಹೆಸರು ಬದಲಿಸದೆ ಅವರನ್ನು ಕೂರಿಸಿದ್ರೆ ಆಗುದಿಲ್ಲ, ಬೇರೆ ಮುಖ ಕಂಡ್ರೆ ತಲೆಮನೆಯ ಕೂಲರ್ ನಿಂತೇ ಹೋಗ್ತದೆ. ಬಿಟ್ಟಿ ನೆರಳು ಕುಡಿಯುವವರಿಗೆ ಅಂತ ಮಾಡಿದ್ದು ಅದು.”

“ಬದಲಿಸ್ರಿ ಮತ್ತ.”

“ಸಾಹೇಬರ ಧ್ವನಿ ಬೇಕು. ಮನೆಯ ಹೆಸರು ಬದಲಿಸುದಕ್ಕೆ ನಮ್ಮ ಮಾತು ಹಾವು ಕೇಳುದಿಲ್ಲ.”

ಇಬ್ಬರೂ ಸಾಹೇಬರನ್ನು ನೋಡಿದರು.

“ಆಗಕ್ಕಿಲ್ಲ,” ಅಂದರು ಚೆಲುವರಾಜು. “ಹೆಸರು ಬದಲಾಯಿಸಿದ್ರೆ ದಾಖಲಾಯ್ತದೆ. ಯಾಕೆ ಬದಲಾಯಿಸಿದ್ರಿ ಅಂತ ಕೇಳ್ತಾರೆ. ಮಾದರಿ ಅಳಿಸಾಯ್ತಲ್ಲ? ಬಿಸಿಲಿಗೆ ಹೆಬ್ಬಾವಿಗೇ ತಲೆ ಕೆಡ್ತು ಅಂದ್ಬುಡಿ. ಸಾಯಂಕಾಲದಗಂಟ ಏನಾದ್ರೂ ಮಾಡ್ಕೊಂಡಿರ್ಲಿ. ತಂಪುಮನೆ ಅದೆ, ಹೋಗಕ್ಕಿಲ್ಲ ಅಂದ್ರೆ ಅದು ಅವರ ಕೊಬ್ಬು.”

“ಕೂಸು ಸರ್ ಅದು.”

“ನಾನೇನ್ ಹೆತ್ತಿದ್ನಾ?” ಅಂದು, ಮೇಲಿನವರಿಗೆ ಫೋನು ಮಾಡಿ ಹಾವಿನ ಮೇಲೆ ದೂರು ಹೇಳಲು ಪಕ್ಕದ ಕೋಣೆಗೆ ಹೋದರು. ಬಾಗಿಲು ಹಾಕಿಕೊಂಡರು.

ದಾಕ್ಷಾಯಣಿ ಒಂದು ಗುಟುಕು ನೀರು ಕುಡಿದಳು. ಗಂಟಲು ಸರಿಮಾಡಿಕೊಂಡಳು. ಹೊಟ್ಟೆ ಮುಂದೆ ದೂಡಿ, ಕನ್ನಡಕ ಮೂಗಿನ ತುದಿಗೆ ಇಳಿಸಿ ಕೂತಳು. ಕೋಟ್ಯಾನ್ ನೋಡುತ್ತಿದ್ದಂತೆಯೇ ಆ ಕುರ್ಚಿಯಲ್ಲಿ ಇನ್ನೊಬ್ಬ ಚೆಲುವರಾಜು ಹುಟ್ಟಿದರು.

“ಲೋ ಹೆಬ್ಬಾವು,” ಮೈಕಿಗೆ ಮಳವಳ್ಳಿ ಬಂತು. “ತಲೆಮನೆ ಹೆಸರು ದಾಕ್ಷಾಯಣಿ ಅಂತ ಅದಲ್ಲ, ಅದನ್ನ ನೀಲಮ್ಮ ಅಂತ ಮಾಡ್ಬುಡು. ಬಾಲಮನೇನ ದಾಕ್ಷಾಯಣಿ ಅಂತ ಮಾಡ್ಬುಡು. ಬಾಲಮನೇಲಿ ಹಗಲೂ ಜನ ಇರ್ತಾರೆ, ನೀರು ಗೀರು ನಿಲ್ಲಿಸ್ಬ್ಯಾಡ. ಏನ್ ಮಕ ನೋಡ್ತಾ ಇದೀಯಾ?”

“ಅಪ್ಪಣೆ, ಸಾಹೇಬರೆ,” ಅಂತು ಹಾವು.

“ನನಗೇ ಎದ್ದು ನಿಲ್ಲುವ ಅನ್ನಿಸಿತು,” ಅಂದ ಕೋಟ್ಯಾನ್. ಆಮೇಲೆ ಸಣ್ಣಗೆ, “ಇದು ನಿಮ್ಮ ಕೆಲಸಕ್ಕೆ ಎರವಾಗ್ತದೆ, ಗೊತ್ತುಂಟಲ್ಲ? ನಾನು ಸಾಕ್ಷಿಗೆ ಬರುದಿಲ್ಲ, ನಿಮ್ಮ ಕಡೆಗೂ ಇಲ್ಲ, ಅವರ ಕಡೆಗೂ ಇಲ್ಲ.”

“ನಿಮ್ಮನ್ನ ಕರದವ್ರು ಯಾರು?” ಅಂದು ದಾಕ್ಷಾಯಣಿ ಒಂದು ಚಾದರ ನೀರಿನಲ್ಲಿ ಅದ್ದಿ, ಸ್ಕ್ರೂಡ್ರೈವರ್ ಸೊಂಟಕ್ಕೆ ಸಿಗಿಸಿ, ಕೊಡೆ ಹಿಡಿದು ಹೊರಗೆ ಬಿದ್ದಳು.

*

ಬಾಲಮನೆ ಮುಟ್ಟುವಷ್ಟರಲ್ಲಿ ಚಪ್ಪಲಿಯ ಅಟ್ಟೆ ಮೆತ್ತಗಾಗಿ ಹೆಜ್ಜೆಗೊಮ್ಮೆ ನೆಲಕ್ಕೆ ಅಂಟುತ್ತಿತ್ತು. ದಾರಿಯುದ್ದಕ್ಕೂ ಕಿಟಕಿಗಳು. ಒಂದರಿಂದ ಮೌಲಾಬಿ, “ನಮ್ಮನ್ನ ಮುಂದ ತಂದಿರಿ ಅಂತ ಉಪಕಾರ ತಿಳಕೋಬ್ಯಾಡ್ರಿ, ದಾಲ್ ಚೆಲ್ಲ್ಯದ,” ಅಂದಳು.

ನೀಲಮ್ಮ ಬಾಗಿಲಲ್ಲೇ ನಿಂತಿದ್ದಳು. ಒಳಗೆ ತ್ರಿವೇಣಿ ಒದ್ದೆ ಬಟ್ಟೆಯಿಂದ ಕೂಸಿನ ಹಣೆ ಒರೆಸುತ್ತಿದ್ದಳು. ಒರೆಸಿದ್ದು ಒರೆಸುವುದರೊಳಗೆ ಒಣಗುತ್ತಿತ್ತು.

“ನಮ್ಮ ಮನಿಗಿ ನಡೀರಿ ಅಕ್ಕಾ. ತಲಿಯೊಳಗದ. ಕೂಲರ್ ಹಚ್ಚತೀನಿ.”

“ನಿನ್ನ ಹೊಸ್ತಿಲಾ ತುಳಿಯಂಗಿಲ್ಲ ಅಂತ ಆಣಿ ಮಾಡೀನಿ.”

“ಯವ್ವಾ,” ಅಂದಳು ತ್ರಿವೇಣಿ ಒಳಗಿಂದ, “ನಿನ್ನ ಆಣಿ ದೊಡ್ಡದೋ ನನ್ನ ಕೂಸು ದೊಡ್ಡದೋ?”

“ಬಾಯಿ ಮುಚ್ಚು. ಹಂಗ ಆಣಿ ಮುರದ್ರ ಕೂಸಿಗೇ ಬರ್ತದ.” ನೀಲಮ್ಮನ ದನಿ ಅಲ್ಲಿ ನಡುಗಿತು. ಹಟಕ್ಕೆ ಮಾಡಿದ ಆಣೆ ಈಗ ಹೆದರಿಕೆಯಾಗಿ ನಿಂತಿತ್ತು. ಅದು ಕಂಡಾಗ ದಾಕ್ಷಾಯಣಿಗೆ ವಾದ ಮಾಡಿ ಗೆಲ್ಲುವುದಲ್ಲ ಇದು ಅನ್ನಿಸಿತು.

“ಏನಂತ ಆಣಿ ಮಾಡೀರಿ? ಮಾತಿಗಿ ಮಾತು ಹೇಳ್ರಿ.”

“ಶಾಂತಾನ ಮನಿ ಹೊಸ್ತಿಲಾ ತುಳಿಯಂಗಿಲ್ಲ ಅಂತ.”

“ಹಂಗಾರ ನಿಮ್ಮ ಮನಿ ಹೊಸ್ತಿಲಾ ತುಳೀರಿ.” ದಾಕ್ಷಾಯಣಿ ಸ್ಕ್ರೂಡ್ರೈವರ್ ತೆಗೆದಳು. ಬಾಗಿಲ ಮೇಲಿನ ಹಿತ್ತಾಳೆ ಬೋರ್ಡಿನ ತಿರುಪುಗಳನ್ನು ಒಂದೊಂದಾಗಿ ಬಿಚ್ಚಿದಳು. ಸುಟ್ಟ ಹಿತ್ತಾಳೆಯನ್ನು ಸೆರಗಿನಲ್ಲಿ ಹಿಡಿದುಕೊಂಡಳು. ಮೇಲೆ ಕೆತ್ತಿತ್ತು: ನೀಲಮ್ಮ. ಗಂಡನ ಹೆಸರು ಅದರ ಕೆಳಗೆ, ಸಣ್ಣ ಅಕ್ಷರದಲ್ಲಿ. “ಇದನ್ನ ತಲಿಮನಿಗಿ ಬಡೀತೀನಿ. ಹಾವಿನ ಬಾಯಾಗೂ ಆ ಮನಿ ನಿಮ್ಮ ಹೆಸರ್ಲೇ ಅದ. ಬೋರ್ಡ್ ನಿಮ್ದು, ಕರೆಂಟ್ ನಿಮ್ದು, ನೆರಳು ನಿಮ್ದು. ಶಾಂತಾನ ಮನಿ ಅಂದ್ರ ಇನ್ನ ಮ್ಯಾಲ ಇದು, ನೀವು ನಿಂತಿದ್ದು. ಈಗ ಖರೇ ಆಣಿ ಮುರಿಯವ್ರು ನೀವು ಇಲ್ಲೇ ನಿಂತ್ರ.”

ನೀಲಮ್ಮ ತನ್ನ ಕಾಲ ಕೆಳಗಿನ ಹೊಸ್ತಿಲು ನೋಡಿದಳು. ಕೆಂಡ ತುಳಿದವಳ ಹಾಗೆ ಪಟಕ್ಕನೆ ಹೊರಗೆ ಹೆಜ್ಜೆ ಇಟ್ಟಳು.

“ಲಾಯರ್ ಆಗಬೇಕಿತ್ತು ನೀನು,” ಅಂದಳು. “ಊರು ಬಚಾವ್ ಆಯ್ತು.”

ಮೂವರೂ ಹೊರಟರು. ಒದ್ದೆ ಚಾದರದೊಳಗೆ ತ್ರಿವೇಣಿ ಮತ್ತು ಕೂಸು, ಮೇಲೆ ಕೊಡೆ ಹಿಡಿದು ನೀಲಮ್ಮ, ಮುಂದೆ ಬೋರ್ಡು ಹಿಡಿದು ದಾಕ್ಷಾಯಣಿ. ದಾರಿಯಲ್ಲಿ ಒಂದೇ ಒಂದು ಸಲ ನೀಲಮ್ಮ, “ಮೆಲ್ಲಕ ನಡೀ, ನಿನಗ ಪಂದ್ಯ ಇಟ್ಟಾರೇನು,” ಅಂದಳು. ದಾಕ್ಷಾಯಣಿ ಮೆಲ್ಲಗೆ ನಡೆದಳು.

ಗೋಡೆಯ ನೆರಳು ತಲೆಮನೆಯ ಮೆಟ್ಟಿಲನ್ನು ಆಗಷ್ಟೇ ಮುಟ್ಟಿತ್ತು. ದಾಕ್ಷಾಯಣಿ ತನ್ನ ಬೋರ್ಡು ಬಿಚ್ಚಿ ನೀಲಮ್ಮನದ್ದನ್ನು ಕೂರಿಸಿದಳು. ಕೊನೆಯ ತಿರುಪು ಬಿಗಿಯಾಗುವವರೆಗೂ ನೀಲಮ್ಮ ಬಿಸಿಲಲ್ಲೇ ನಿಂತಿದ್ದಳು. ಬಿಗಿಯಾದ ಮೇಲೂ ಬೋರ್ಡನ್ನು ಒಮ್ಮೆ ಅಲುಗಾಡಿಸಿ ನೋಡಿ, “ಸೊಟ್ಟ ಆಗ್ಯದ,” ಅಂದು ಒಳಗೆ ಹೋದಳು.

ಒಳಗೆ ಕೂಲರ್ ಮುಖ ನೋಡಿತು, ಹೆಸರು ನೋಡಿತು, ನಿಲ್ಲಲಿಲ್ಲ. ತಂಪು ಗಾಳಿ ಕೂಸಿನ ಮೇಲೆ ಬಿತ್ತು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಕೂಸು ಬಾಯಿ ತೆರೆಯಿತು, ಈ ಸಲ ದನಿ ಬಂತು, ಇಡೀ ಸಾಲಿಗೆ ಕೇಳುವಂಥ ದನಿ. ತ್ರಿವೇಣಿ ಗೋಡೆಗೆ ಒರಗಿ ಅತ್ತಳು. ದಾಕ್ಷಾಯಣಿ ಹೊಸ್ತಿಲ ಹೊರಗೇ ನಿಂತಿದ್ದಳು. ಆಣೆ ಮಾಡಿದ್ದು ಅವಳಲ್ಲ, ಆದರೂ.

“ಏನು ನೋಡ್ತಿ,” ಅಂದಳು ನೀಲಮ್ಮ ಒಳಗಿಂದ, ಅಡುಗೆಮನೆಯ ಡಬ್ಬಿಗಳ ಮುಚ್ಚಳ ತೆಗೆದು ಮೂಸುತ್ತ. “ಹುಣಸಿಹಣ್ಣು ಹಿಂಗ ಇಡ್ತಾರೇನು? ಹುಳ ಬೀಳ್ತದ. ಬಾಣಂತಿ ಎದ್ದು ಓಡಾಡೋತನಕ ನಾ ಇಲ್ಲಿಂದ ಕದಲಂಗಿಲ್ಲ. ಹೇಳೀನಿ.”

“ನಿಮ್ಮ ಮನಿ. ನನ್ನ ಯಾಕ ಕೇಳ್ತೀರಿ?”

“ಕೇಳಿಲ್ಲ. ಹೇಳಿದೆ.” ಬಾಗಿಲು ಹಾಕಿಕೊಂಡಿತು.

*

ದಾಕ್ಷಾಯಣಿ ಕಂಟ್ರೋಲ್ ರೂಮಿಗೆ ಮರಳಲಿಲ್ಲ. ಚೆಲುವರಾಜು ಎರಡು ಬಾರಿ ಫೋನು ಮಾಡಿದ್ದರು. ತಮ್ಮ ದನಿಯಲ್ಲಿ ತಾವೇ ಕೊಟ್ಟ ಅಪ್ಪಣೆಯನ್ನು ದಾಖಲೆಯಲ್ಲಿ ಕೇಳಿ ಏನು ಹೇಳಬೇಕೆಂದು ತಿಳಿಯದೆ, ಎರಡೂ ಸಲ “ನಾಳೆ ಬನ್ನಿ, ಮಾತಾಡಣ” ಎಂದಷ್ಟೇ ಅಂದು ಇಟ್ಟಿದ್ದರು. ಅದು ಬೆದರಿಕೆಯೋ ಬೇಡಿಕೆಯೋ ಅವಳಿಗೆ ತಿಳಿಯಲಿಲ್ಲ.

ಅವಳು ಈಗ ತನ್ನ ಹೆಸರಿಗೆ ಬಂದ ಬಾಲಮನೆಯ ನೆಲದ ಮೇಲೆ, ನೀಲಮ್ಮ ಬಿಟ್ಟುಹೋದ ಒದ್ದೆ ಬಟ್ಟೆ ತಲೆಗೆ ಸುತ್ತಿಕೊಂಡು ಕೂತಿದ್ದಳು. ಎಣ್ಣೆಯ ಬಟ್ಟಲು ಮೂಲೆಯಲ್ಲಿ ಬೋರಲು ಬಿದ್ದಿತ್ತು. ಗೋಡೆ ಮುಟ್ಟಿದರೆ ಕೈ ಸುಡುತ್ತಿತ್ತು. ಕಿಟಕಿಯಲ್ಲಿ ನೆರಳಿನ ಅಂಚು ಕಾಣುತ್ತಿತ್ತು. ಒಂದು ಮನೆ ದಾಟಿ, ಇನ್ನೊಂದು ಮನೆಯ ಮುಂದೆ ನಿಂತು, ಯಾರ ಮನೆಗೆ ಮೊದಲು ಹೋಗಲಿ ಎಂದು ಯೋಚಿಸುವ ಬೀಗರ ಹಾಗೆ ನಿಧಾನವಾಗಿ ಬರುತ್ತಿತ್ತು. ಇಲ್ಲಿಗೆ ಬರುವುದು ಇನ್ನೂ ತುಂಬ ದೂರ.

ಫೋನು ಹೊಡೆದುಕೊಂಡಿತು. ನೀಲಮ್ಮ.

“ಹಾಂ, ಅಕ್ಕಾ.”

ಆ ಕಡೆಯಿಂದ ದನಿ ಬಂತು, ಪಿಸುಗುಟ್ಟುವಷ್ಟು ಸಣ್ಣಗೆ; ಇಷ್ಟು ವರ್ಷದಲ್ಲಿ ಆ ಗಂಟಲು ಅಷ್ಟು ತಗ್ಗಿದ್ದನ್ನು ದಾಕ್ಷಾಯಣಿ ಕೇಳಿರಲಿಲ್ಲ.

“ಕೂಸು ಹಾಲು ಕುಡದು ಈಗ ಕಣ್ಣು ಮುಚ್ಚ್ಯದ. ಸುಮ್ಮ ಸುಮ್ಮನ ಫೋನ್ ಹಚ್ಚಿ ಎಬ್ಬಿಸಬ್ಯಾಡ.”